ಹಳೇ ನೆನಪೋ, ಹೊಸ ಮೋಜೋ? ದಬ್‌ದಬಿಗೆ ಮೊದಲು ಬೇಕಾದದ್ದು ಬೇರೆಯೇ!

ಗುರುಮಠಕಲ್: ಮಳೆ ಹದವಾಗಿ ಬಿತ್ತೆಂದರೆ ನಜರಾಪುರದ ದಬ್‌ದಬಿಗೆ ಜೀವ ಬರುತ್ತದೆ. ಬಂಡೆಯ ಮೇಲಿಂದ ನೀರು ಬೀಳುವ ಸದ್ದೇ ಈ ಜಲಪಾತಕ್ಕೆ ಹೆಸರಾಗಿದೆ ಎನ್ನುತ್ತಾರೆ. ನೀರು ಬಿದ್ದ ಸುದ್ದಿ ಊರಿಗೆ ಮುಟ್ಟುವುದೇ ತಡ, ಮೋಟಾರ್ ಸೈಕಲ್ಲು, ಜೀಪು, ಟಂಟಂಗಳು ಆ ದಾರಿ ಹಿಡಿಯುತ್ತವೆ. ಚಹಾದವರಿಗೆ, ಮಿರ್ಚಿ ಭಜಿಯವರಿಗೆ ನಾಲ್ಕು ಕಾಸು ಸಿಗುತ್ತದೆ. ಮಳೆ ನಿಂತು ನೀರು ಸೊರಗಿತೆಂದರೆ ಮಂದಿಯೂ ಇಲ್ಲ, ವ್ಯಾಪಾರವೂ ಇಲ್ಲ.

ಹೀಗಾಗಿ ‘ಅಲ್ಲಿ ಏನಾದರೂ ಮಾಡಬೇಕ್ರಿ’ ಎಂಬ ಮಾತು ಮಳೆಗಾಲಕ್ಕೊಮ್ಮೆ ಏಳುತ್ತದೆ, ಮಳೆಯ ಜೊತೆಗೇ ಇಳಿದೂ ಹೋಗುತ್ತದೆ. ಏನು ಮಾಡಬೇಕೆಂದು ಕೇಳಿದರೆ ಎರಡು ಪಕ್ಷ. ಮೊದಲನೆಯದು ಹಿರಿಯರ ಪಕ್ಷ: ನೀರು ನೋಡೋದು, ಬುತ್ತಿ ಬಿಚ್ಚೋದು, ಮಕ್ಕಳಿಗೆ ಒಂದು ಜೋಕಾಲಿ ಕಟ್ಟೋದು, ಹೊತ್ತು ಮುಳುಗೋದರೊಳಗ ಮನೀಗೆ ಬರೋದು, ಅದರ ಅಂದವೇ ಅದು, ಕಬ್ಬಿಣದ ಆಟ ಯಾಕೆ ಬೇಕು? ಎರಡನೆಯದು ಹುಡುಗರ ಪಕ್ಷ: ನೀರನ್ನ ಎಷ್ಟು ಹೊತ್ತು ನೋಡಬೇಕು? ಹಗ್ಗದ ಮೇಲೆ ಜಾರುವ ಜಿಪ್‌ಲೈನ್ ಹಾಕಲಿ, ಗಾಜಿನ ಸೇತುವೆ ಕಟ್ಟಲಿ, ವಾಟರ್ ಪಾರ್ಕ್ ಮಾಡಲಿ, ಆಗ ನೋಡ್ರಿ ಮಂದಿ ಹ್ಯಾಂಗ ಬರ್ತಾರ!

ಈ ಜಗಳ ಗುರುಮಠಕಲ್ಲಿಗೆ ಮಾತ್ರ ಸೇರಿದ್ದಲ್ಲ. ಕನ್ನಂಬಾಡಿಯಿಂದ ಜಪಾನಿನವರೆಗೆ, ಸೊರಗಿದ ತೋಟ, ಸೊರಗಿದ ಪಾರ್ಕು ಇರುವ ಕಡೆಯೆಲ್ಲ ಇದೇ ವಾದ. ಅಲ್ಲಿ ಏನಾಯಿತೆಂದು ತಿಳಿದುಕೊಂಡರೆ ನಮ್ಮವರ ರೊಕ್ಕ ನೀರಿಗೆ ಬೀಳುವುದು ತಪ್ಪೀತು.

ಬೃಂದಾವನದ ಕಥೆ ಕೇಳಿ

ಈ ಭಾಗದ ಶಾಲೆಗಳು ಮೈಸೂರಿನ ಪ್ರವಾಸಕ್ಕೆ ಹೊರಟರೆ ಕಡೆಯ ಸಂಜೆ ಕೃಷ್ಣರಾಜಸಾಗರದ ಬೃಂದಾವನಕ್ಕೇ ಮೀಸಲು. ದೀಪದ ಬೆಳಕಿನಲ್ಲಿ ಕುಣಿಯುವ ಕಾರಂಜಿ ನೋಡಿ ಬಸ್ಸಿನಲ್ಲಿ ನಿದ್ದೆಹೋದ ಹುಡುಗರು ಇಂದು ಅಜ್ಜಂದಿರಾಗಿದ್ದಾರೆ.

ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರು 1927ರಲ್ಲಿ ಈ ತೋಟದ ಕೆಲಸ ಹಿಡಿಸಿದರು. 1932ರಲ್ಲಿ ಅದು ಮುಗಿಯಿತು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಸುಮಾರು 60 ಎಕರೆ ವಿಸ್ತಾರ. ಆ ಕಾಲಕ್ಕೆ ಇಡೀ ಹಿಂದೂಸ್ತಾನದಲ್ಲೇ ಹೆಸರಾದ ತೋಟ. ಸಿನೆಮಾದವರಂತೂ ಹಾಡು ಬಂದರೆ ಸಾಕು, ಅಲ್ಲಿಗೇ ಓಡುತ್ತಿದ್ದರು.

ಕಾಲ ಬದಲಾಯಿತು. ಬಣ್ಣದ ದೀಪ ಈಗ ಊರೂರಿನ ಜಾತ್ರೆಯಲ್ಲಿದೆ. ಕುಣಿಯುವ ಕಾರಂಜಿ ನಮ್ಮ ಕಡೆಯ ಆಲಮಟ್ಟಿಯಲ್ಲೂ ಉಂಟು. ಬೃಂದಾವನ ಕಳೆಗುಂದಿತು ಎಂಬ ದೂರು ಹೆಚ್ಚಾಯಿತು. 2018ರ ನವೆಂಬರಿನಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಅವರು ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, 125 ಅಡಿಯ ಕಾವೇರಿ ಪ್ರತಿಮೆ ಆಗಲಿದೆ ಎಂದು ಸಾರಿದರು. ಮರುವರ್ಷ ಆ ಸರಕಾರವೇ ಬಿತ್ತು. 2024ರಲ್ಲಿ ಸಚಿವ ಸಂಪುಟ ಮತ್ತೆ ಕಡತ ಬಿಚ್ಚಿ, ಖಾಸಗಿಯವರ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.

2025ರಲ್ಲಿ ಮಂಡ್ಯದ ರೈತ ಸಂಘಟನೆಗಳು ಬೀದಿಗಿಳಿದವು. ಅಣೆಕಟ್ಟೆಯ ಬುಡದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕು ಬೇಡ, ಕಟ್ಟೆಯ ಭದ್ರತೆ ಮುಖ್ಯ ಎಂದರು. ಅವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಟ್ಟೆಯ ಸುತ್ತಿನ ಕಲ್ಲುಗಣಿಗಳ ಸಿಡಿಮದ್ದಿನ ತಕರಾರು ವರ್ಷಗಟ್ಟಲೆ ನಡೆದು, 2024ರ ಜನವರಿಯಲ್ಲಿ ಹೈಕೋರ್ಟು 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಒಂದು ಪಕ್ಷ ‘ಹಳೆಯದು ಸಾಕು’ ಎನ್ನುತ್ತದೆ, ಇನ್ನೊಂದು ‘ಡಿಸ್ನಿಲ್ಯಾಂಡ್ ಬೇಕು’ ಎನ್ನುತ್ತದೆ. ನಡುವೆ ನಿಂತ ಪ್ರವಾಸಿ ಕೇಳುವುದು ಬೇರೆಯೇ. ಕಾರಂಜಿ ಹೇಳಿದ ಹೊತ್ತಿಗೆ ಶುರುವಾಗುತ್ತದೆಯೇ? ಕುಡಿಯುವ ನೀರು ಎಲ್ಲಿದೆ? ರಾತ್ರಿ ವಾಪಸು ಬಸ್ಸು ಉಂಟೋ ಇಲ್ಲವೋ? 2022ರ ಅಕ್ಟೋಬರ್-ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡು ಬೃಂದಾವನದ ಬಾಗಿಲು ಹಾಕಬೇಕಾಗಿ ಬಂತು. ಬಾಗಿಲು ಹಾಕಿದ ದಿನ ಹೊರಗಿನ ಆಟಿಕೆ ಅಂಗಡಿಗೆ ಮಿರ್ಜಾ ಇಸ್ಮಾಯಿಲ್ಲರ ಹೆಸರೂ ಗಿರಾಕಿ ತರುವುದಿಲ್ಲ, 2,663 ಕೋಟಿಯ ನಕ್ಷೆಯೂ ತರುವುದಿಲ್ಲ.

ನೆನಪಿಗೆ ಟಿಕೀಟು ಇಲ್ಲ

ಹಿರಿಯರ ಪಕ್ಷದ ಬಲ ನೆನಪು. ಅದು ಸಣ್ಣ ಬಲವೇನಲ್ಲ. ತಾನು ಚಿಕ್ಕಂದಿನಲ್ಲಿ ನೋಡಿದ್ದನ್ನು ಮಗನಿಗೆ, ಮೊಮ್ಮಗನಿಗೆ ತೋರಿಸಬೇಕೆಂಬ ಆಸೆ ಯಾರಿಗಿಲ್ಲ? ಆದರೆ ವ್ಯಾಪಾರದ ಲೆಕ್ಕದಲ್ಲಿ ಈ ಗಿರಾಕಿ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬರುವವನು. ಬುತ್ತಿ ಮನೆಯಿಂದಲೇ ತರುವವನು. ‘ನಮ್ಮ ಕಾಲದಾಗ ಹಿಂಗ ಇರಲಿಲ್ಲ’ ಎಂದು ಗೊಣಗಿ ಹೋಗುವವನೂ ಅವನೇ.

ಮುಂಬಯಿಯ ಎಸ್ಸೆಲ್‌ವರ್ಲ್ಡ್ ನೆನಪಿದೆಯೇ? 1989ರಲ್ಲಿ ತೆರೆದ ಆ ಪಾರ್ಕಿನ ಜಾಹೀರಾತಿನ ಹಾಡು ಟೀವಿಯಲ್ಲಿ ಕೇಳದ ಮನೆ ಇರಲಿಲ್ಲ. ಮುಂಬಯಿ ನೋಡದ ನಮ್ಮ ಹುಡುಗರಿಗೂ ಅದು ಬಾಯಿಪಾಠ. 2022ರಲ್ಲಿ ಅದರ ಬಾಗಿಲು ಮುಚ್ಚಿತು. ಮುಚ್ಚಿದ ಮೇಲೆ ‘ಅಯ್ಯೋ’ ಎಂದವರು ಲಕ್ಷ ಮಂದಿ. ಆ ಲಕ್ಷ ಮಂದಿ ಮುಚ್ಚುವ ಮುಂಚೆ ವರ್ಷಕ್ಕೊಂದು ಟಿಕೀಟು ಕೊಂಡಿದ್ದರೆ? ನೆನಪು ಪುಕ್ಕಟೆ ಬರುತ್ತದೆ, ಕರೆಂಟ್ ಬಿಲ್ಲು ಪುಕ್ಕಟೆ ಬರುವುದಿಲ್ಲ.

ಹೊಸದಕ್ಕೂ ತುಕ್ಕು ತಪ್ಪದು

ಹಾಗಾದರೆ ಹುಡುಗರ ಪಕ್ಷವೇ ಸರಿಯೋ? ಅದೂ ಅಷ್ಟು ಸಲೀಸಲ್ಲ.

ಕೊಚ್ಚಿಯಲ್ಲಿ 2000ದಲ್ಲಿ ‘ವೀಗಾಲ್ಯಾಂಡ್’ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 2005ರಲ್ಲಿ ಬೆಂಗಳೂರಿನ ಹತ್ತಿರ ಬಿಡದಿಗೆ ‘ವಂಡರ್‌ಲಾ’ ಆಗಿ ಬಂತು. 2016ರಲ್ಲಿ ಹೈದರಾಬಾದಿಗೂ ಬಂತು. ಅಲ್ಲಿಂದೀಚೆಗೆ ಗುರುಮಠಕಲ್, ಯಾದಗಿರಿಯ ಹುಡುಗರಿಗೆ ಮೋಜೆಂದರೆ ಹೈದರಾಬಾದು. ಊರಿನಲ್ಲಿ ಖರ್ಚಾಗಬೇಕಾದ ರೊಕ್ಕ ಗಡಿ ದಾಟುತ್ತದೆ. ಪೇಟೆಯವರ ಸಂಕಟ ಇದೇ.

ಆದರೆ ಅಂಥ ಪಾರ್ಕು ನಡೆಯುವ ರೀತಿ ನೋಡಬೇಕು. ಲಕ್ಷಾಂತರ ಜನರಿರುವ ಪಟ್ಟಣ ಪಕ್ಕದಲ್ಲೇ ಇರಬೇಕು. ವರ್ಷದ ಹನ್ನೆರಡು ತಿಂಗಳೂ ಗಿರಾಕಿ ಬೇಕು. ದಿನಾ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಒಂದೊಂದು ಯಂತ್ರದ ಬೋಲ್ಟು, ಬೆಲ್ಟು, ಬ್ರೇಕು ತಪಾಸಣೆಯಾಗಬೇಕು. ಮೇಲಾಗಿ ಕೆಲವು ವರ್ಷಕ್ಕೊಂದು ಹೊಸ ಆಟ ತರಬೇಕು, ಇಲ್ಲವಾದರೆ ‘ನೋಡೇವಿ ಬಿಡ್ರಿ’ ಎನ್ನುತ್ತಾನೆ ಗಿರಾಕಿ. ಹೊಸ ಆಟದ ಹಣೆಬರಹವೇ ಅಷ್ಟು: ಮೊದಲ ವರ್ಷ ಸಾಲು, ಎರಡನೇ ವರ್ಷ ರಿಯಾಯಿತಿ, ಮೂರನೇ ವರ್ಷ ತುಕ್ಕು.

ದೊಡ್ಡವರನ್ನು ಅನುಕರಿಸಿ ಕೆಟ್ಟವರೂ ಇದ್ದಾರೆ. ಜಪಾನಿನ ನಾರಾ ಊರಿನಲ್ಲಿ 1961ರಲ್ಲಿ ಅಮೆರಿಕದ ಡಿಸ್ನಿಲ್ಯಾಂಡನ್ನು ಹೋಲುವ ‘ಡ್ರೀಮ್‌ಲ್ಯಾಂಡ್’ ತೆರೆದರು. ಅಸಲು ಡಿಸ್ನಿಯವರೇ 1983ರಲ್ಲಿ ಟೋಕಿಯೋಕ್ಕೆ ಬಂದರು. 2001ರಲ್ಲಿ ಪಕ್ಕದ ಒಸಾಕಾಕ್ಕೆ ಯೂನಿವರ್ಸಲ್ ಸ್ಟುಡಿಯೋ ಬಂತು. ನಕಲಿಗೆ ಗಿರಾಕಿ ಉಳಿಯಲಿಲ್ಲ. 2006ರಲ್ಲಿ ಬಾಗಿಲು ಹಾಕಿದ ಮೇಲೆ ಹತ್ತು ವರ್ಷ ಆ ಕಬ್ಬಿಣವೆಲ್ಲ ಹುಲ್ಲಿನ ನಡುವೆ ನಿಂತೇ ಇತ್ತು. ವಂಡರ್‌ಲಾದ ಚಿಕ್ಕ ನಕಲು ಗುರುಮಠಕಲ್ಲಿನಲ್ಲಿ ನಿಂತರೆ ಅಸಲು ಬಿಟ್ಟು ಇಲ್ಲಿಗೆ ಯಾರು ಬರುತ್ತಾರೆ ಎಂಬುದನ್ನು ಹುಡುಗರ ಪಕ್ಷ ಯೋಚಿಸಬೇಕು.

ಅಂಗಡಿ ಸಾಲನ್ನೇ ಆಟ ಮಾಡಿದರು

ಅದೇ ಜಪಾನಿನಲ್ಲಿ ಇನ್ನೊಂದು ಪಾರ್ಕು ಬೇರೆ ದಾರಿ ಹಿಡಿಯಿತು. ಟೋಕಿಯೋ ಹತ್ತಿರದ ಸೈಬುಯೆನ್ 1950ರಲ್ಲಿ ತೆರೆದ ಪಾರ್ಕು. ಯಂತ್ರಗಳು ಹಳತಾದವು, ಮಂದಿ ಬಿಟ್ಟರು. ಮುಚ್ಚುವುದೋ, ಎಲ್ಲಾ ಕಿತ್ತು ಹೊಸದು ಹಾಕುವುದೋ ಎಂಬ ಪ್ರಶ್ನೆ ಅಲ್ಲೂ ಬಂತು. ಅವರು ಹಳತನ್ನೇ ಬಂಡವಾಳ ಮಾಡಿದರು. ಸುಮಾರು ಸಾವಿರ ಕೋಟಿ ಯೆನ್ ಖರ್ಚಿನಲ್ಲಿ 1960ರ ಕಾಲದ ಪೇಟೆಬೀದಿಯೊಂದನ್ನು ಪಾರ್ಕಿನೊಳಗೆ ಕಟ್ಟಿ 2021ರ ಮೇ ತಿಂಗಳಲ್ಲಿ ಮತ್ತೆ ತೆರೆದರು.

ಆ ಬೀದಿಯ ಅಂಗಡಿಕಾರರೇ ಆಟಗಾರರು. ಕಾಯಿಪಲ್ಲೆ ಮಾರುವವನು ಗಿರಾಕಿಯೊಡನೆ ಹರಟುತ್ತಾನೆ. ಪೊಲೀಸನೊಬ್ಬ ಕಳ್ಳನ ಬೆನ್ನು ಹತ್ತಿ ಬೀದಿ ತುಂಬ ಓಡುತ್ತಾನೆ. ತೆರೆದಾಗ ಅಲ್ಲಿ ಪಾರ್ಕಿನದೇ ನೋಟು ನಡೆಯುತ್ತಿತ್ತು. ಇಷ್ಟಾದರೂ ಅವರು ನೆನಪೊಂದನ್ನೇ ನಂಬಿ ಕೂಡಲಿಲ್ಲ. ಗಾಡ್‌ಝಿಲ್ಲಾ ಎಂಬ ರಾಕ್ಷಸನ ಹೊಸ ಆಟವನ್ನೂ ತಂದಿಟ್ಟರು. ಅಪ್ಪನಿಗೆ ಬೀದಿ, ಮಗನಿಗೆ ರಾಕ್ಷಸ. ಇಬ್ಬರೂ ಒಂದೇ ಗೇಟಿನಲ್ಲಿ ಬಂದರು.

ನಮ್ಮಲ್ಲಿ ಅಂಥ ಬೀದಿ ಕಟ್ಟುವ ಖರ್ಚೇ ಇಲ್ಲ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ ಹೋಗಿ ನೋಡಿ. ಬೆಂಡು ಬತ್ತಾಸು, ಬಳೆ ಅಂಗಡಿ, ತೊಟ್ಟಿಲು ಎಲ್ಲಾ ಜೀವಂತ ಉಂಟು. ಜಾತ್ರೆಯ ತೊಟ್ಟಿಲಿನವನ ಜಾಣತನವನ್ನು ದೊಡ್ಡ ದೊಡ್ಡ ಕಂಪನಿಗಳೂ ಕಲಿಯಬೇಕು. ಮಂದಿ ಇದ್ದಲ್ಲಿಗೆ ಯಂತ್ರ ತರುತ್ತಾನೆ, ಮಂದಿ ಚದುರಿದ ಮೇಲೆ ಬಿಚ್ಚಿಕೊಂಡು ಮುಂದಿನ ಜಾತ್ರೆಗೆ ಹೋಗುತ್ತಾನೆ. ಖಾಲಿ ಮೈದಾನದಲ್ಲಿ ನಿಂತು ತುಕ್ಕು ಹಿಡಿಯುವ ಪ್ರಮೇಯವೇ ಇಲ್ಲ.

ನೆರೆಮನೆಯ ಎರಡು ಪಾಠ

ಗಡಿಯಾಚೆ ಮಹಬೂಬ್‌ನಗರದ ಪಿಲ್ಲಲಮರ್ರಿ ನಮ್ಮ ಭಾಗದವರಿಗೆ ಹೊಸದಲ್ಲ. ಸುಮಾರು ಮೂರು ಎಕರೆಗೆ ಹಬ್ಬಿದ, ಏಳುನೂರು ವರ್ಷದ್ದೆಂದು ಹೇಳುವ ಆಲದ ಮರ. ಬಂದವರು ಕೊಂಬೆ ಹತ್ತಿದರು, ಜೋತುಬಿದ್ದರು, ಕಾಂಡದ ಮೇಲೆ ಹೆಸರು ಕೊರೆದರು. ಒಳಗೆ ಗೆದ್ದಲು ಸೇರಿತು. 2017ರ ಡಿಸೆಂಬರಿನಲ್ಲಿ ದೊಡ್ಡ ಕೊಂಬೆಯೊಂದು ಮುರಿದುಬಿತ್ತು. ಪ್ರವಾಸಿಗರಿಗೆ ಬಾಗಿಲು ಹಾಕಿದರು.

ಆಗ ಅಧಿಕಾರಿಗಳು ಮರ ಹೋಯಿತೆಂದು ಅಲ್ಲಿ ಸಿಮೆಂಟಿನ ಮರ ನಿಲ್ಲಿಸಲಿಲ್ಲ. 2018ರಲ್ಲಿ ಆಸ್ಪತ್ರೆಯಲ್ಲಿ ರೋಗಿಗೆ ಸಲಾಯಿನ್ ಏರಿಸಿದಂತೆ ಬಾಟಲಿಗಳನ್ನು ಕಟ್ಟಿ, ಹನಿ ಹನಿಯಾಗಿ ಗೆದ್ದಲಿನ ಔಷಧ ಏರಿಸಿದರು. ಜೋತುಬಿದ್ದ ಕೊಂಬೆಗಳಿಗೆ ಆಸರೆ ಕೊಟ್ಟರು. ವರ್ಷಗಟ್ಟಲೆ ಶುಶ್ರೂಷೆ ನಡೆಯಿತು. ಮರ ಚೇತರಿಸಿಕೊಂಡಿತು. 2025ರ ಮೇ ತಿಂಗಳಲ್ಲಿ ತೆಲಂಗಾಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಪರದೇಶದ ಸುಂದರಿಯರನ್ನು ಆ ಅಜ್ಜ-ಮರವನ್ನು ನೋಡಲು ಕರೆತಂದರು! ಗಿರಾಕಿ ತಂದುಕೊಟ್ಟದ್ದು ಹಳೆಯ ಮರವೇ, ಆದರೆ ಮರವನ್ನು ಉಳಿಸಿದ್ದು ಆರೈಕೆ.

ಎರಡನೆಯ ಪಾಠ ಹೈದರಾಬಾದಿನ ನುಮಾಯಿಷ್. ನಮ್ಮ ಭಾಗ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲೇ, 1938ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಅದನ್ನು ಹುಟ್ಟುಹಾಕಿದರು. ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ ಎಂದು ಹೇಳುತ್ತಾರೆ. ಪಬ್ಲಿಕ್ ಗಾರ್ಡನ್ನಿನಲ್ಲಿ ಹತ್ತು ದಿನ, ಸುಮಾರು ನೂರು ಅಂಗಡಿ. 1946ರಲ್ಲಿ ಅದು ನಾಂಪಲ್ಲಿಯ ಮೈದಾನಕ್ಕೆ ಹೋಯಿತು. ಈಗ ಜನವರಿ ಒಂದರಿಂದ ಒಂದೂವರೆ ತಿಂಗಳು ನಡೆಯುತ್ತದೆ. 2019ರ ಜನವರಿಯಲ್ಲಿ ಬೆಂಕಿ ಬಿದ್ದು ಅಂಗಡಿಗಳು ಸುಟ್ಟವು. ಆದರೂ ನುಮಾಯಿಷ್ ನಿಲ್ಲಲಿಲ್ಲ.

ಅಲ್ಲಿ ಅಜ್ಜನಿಗೆ ಬೇಕಾದ ಕಾಶ್ಮೀರಿ ಶಾಲೂ ಉಂಟು, ಮೊಮ್ಮಗನಿಗೆ ಬೇಕಾದ ತಿರುಗುವ ಯಂತ್ರವೂ ಉಂಟು. ಹಳೆಯದೋ ಹೊಸದೋ ಎಂಬ ಜಗಳ ಯಾರೂ ಮಾಡುವುದಿಲ್ಲ. ಅದನ್ನು ನಡೆಸಲು ಒಂದು ಸೊಸೈಟಿ ಉಂಟು, ಲೆಕ್ಕವುಂಟು. ಬಂದ ಲಾಭದಲ್ಲಿ ಶಾಲೆ-ಕಾಲೇಜುಗಳು ನಡೆಯುತ್ತಿವೆ. ಗುಟ್ಟು ಇರುವುದು ಅಲ್ಲಿ.

ಡಿಸ್ನಿಗೂ ಪಾಯಖಾನೆಯದೇ ಚಿಂತೆ

ಮಾತೆತ್ತಿದರೆ ಡಿಸ್ನಿಲ್ಯಾಂಡ್ ಎನ್ನುವವರಿಗೆ ಒಂದು ಸಂಗತಿ. 1955ರ ಜುಲೈ 17ರಂದು ಅಮೆರಿಕದಲ್ಲಿ ಆ ಪಾರ್ಕು ತೆರೆಯಿತು. ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರು ಖರ್ಚು. ಆ ದಿನ ರಣಬಿಸಿಲು. ಹೊಸ ಡಾಂಬರು ಕರಗಿ ಹೆಂಗಸರ ಹೀಲ್ ಚಪ್ಪಲಿ ಸಿಕ್ಕಿಬಿದ್ದವು. ಅದಕ್ಕೆ ಮುಂಚೆ ನಲ್ಲಿ ಕೆಲಸದವರು ಮುಷ್ಕರ ಹೂಡಿದ್ದರಿಂದ ಪಾಯಖಾನೆಗೆ ನೀರೋ, ಕುಡಿಯುವ ನಲ್ಲಿಗೆ ನೀರೋ ಎಂಬ ಪ್ರಶ್ನೆ ಬಂದಿತ್ತು. ವಾಲ್ಟ್ ಡಿಸ್ನಿ ಪಾಯಖಾನೆಯನ್ನು ಆರಿಸಿದ. ಕುಡಿಯಲು ನೀರಿಲ್ಲದೆ ಮಂದಿ ಬೈದರು. ಕೋಟಿಗಟ್ಟಲೆ ಸುರಿದವನ ಹೆಸರು ಮೊದಲ ದಿನ ಕೆಟ್ಟದ್ದು ಎರಡು ನಲ್ಲಿಗೆ!

ಡೆನ್ಮಾರ್ಕಿನ ಟಿವೋಲಿ ತೋಟ ತೆರೆದದ್ದು 1843ರಲ್ಲಿ. ಅಲ್ಲಿ 1914ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರ್ ಇಂದಿಗೂ ಓಡುತ್ತದೆ. ಪ್ರತಿ ಗಾಡಿಯಲ್ಲೂ ಬ್ರೇಕು ಹಿಡಿಯುವ ಆಳೊಬ್ಬ ಕೂತಿರುತ್ತಾನೆ. ನೂರು ವರ್ಷ ದಾಟಿದ ಆಟಕ್ಕೆ ಇವತ್ತಿಗೂ ಸಾಲು ಹಚ್ಚುತ್ತಾರೆ. ಅದು ಹಳೆಯದು ಎಂಬ ಕಾರಣಕ್ಕೆ ಬಂದವರು, ಅದು ಕೆಡದೆ ಓಡುತ್ತದೆ ಎಂಬ ಕಾರಣಕ್ಕೆ ಮತ್ತೆ ಬರುತ್ತಾರೆ.

ದಬ್‌ದಬಿಗೆ ಏನು ಬೇಕು?

ಇಷ್ಟೆಲ್ಲಾ ಊರು ಸುತ್ತಿ ಬಂದ ಮೇಲೆ ನಮ್ಮ ಊರಿನ ಲೆಕ್ಕ ಸರಳವಾಗುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ಯಾರೂ ಕೆತ್ತಿಸದ ಕೆಲಸವೇ ಮೊದಲು. ಹೆಣ್ಣುಮಕ್ಕಳಿಗೆ ಬಾಗಿಲು, ನೀರು, ಚಿಲಕ ಮೂರೂ ಇರುವ ಪಾಯಖಾನೆ. ಕುಡಿಯುವ ನೀರು. ಜಾರುವ ಬಂಡೆಗೆ ಕೈಹಿಡಿಕೆ. ಮಳೆ ಬಂದರೆ ನಿಲ್ಲಲು ನೆರಳು. ಕಸ ಎತ್ತುವ ಆಳು, ಆ ಆಳಿಗೆ ತಿಂಗಳು ತಿಂಗಳು ಪಗಾರ. ನೀರಿನ ಸೆಳವು ಹೆಚ್ಚಾದ ದಿನ ‘ಇಳೀಬ್ಯಾಡ್ರಿ’ ಎಂದು ಸೀಟಿ ಊದುವ ಒಬ್ಬ ಮನುಷ್ಯ.

ಎರಡನೆಯದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸು ಪುಕ್ಕಟೆ. ಅಂದಿನಿಂದ ಗುಡಿ-ಗುಂಡಾರದ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಮಳೆಗಾಲದ ಭಾನುವಾರ, ಶ್ರಾವಣದ ಸೋಮವಾರ ಯಾದಗಿರಿಯಿಂದ ಹೊರಟು ಚಿಂತನಹಳ್ಳಿಯ ಗವಿಸಿದ್ಧಲಿಂಗೇಶ್ವರ, ದಬ್‌ದಬಿ, ಗುರುಮಠಕಲ್ ಪೇಟೆ ಸುತ್ತಿ ಬರುವ ಒಂದು ಬಸ್ಸು ಬಿಟ್ಟರೆ ಸಾಕು. ಗವಿಯಲ್ಲಿ ಕಾಯಿ ಒಡೆಸಿ, ಜಲಪಾತ ನೋಡಿ, ಪೇಟೆಯಲ್ಲಿ ಊಟ ಮಾಡಿ, ಸಂತೆ ಮುಗಿಸಿ ಮನೆ ಸೇರಬಹುದು. ಟಿಕೀಟಿನಲ್ಲಿ ಉಳಿದ ರೊಕ್ಕ ಅಂಗಡಿಗೆ ಬೀಳುತ್ತದೆ. ಆದರೆ ವಾಪಸಿನ ಬಸ್ಸಿನ ಹೊತ್ತು ನಿಕ್ಕಿ ಇರಬೇಕು. ವಾಪಸು ಹೋಗುವ ಧೈರ್ಯ ಇಲ್ಲದವರು ಬರುವುದೇ ಇಲ್ಲ.

ಇದು ಆದ ಮೇಲೆ ಹಿರಿಯರ ಪಾಲು: ಮರಕ್ಕೆ ಜೋಕಾಲಿ, ಬುತ್ತಿ ಬಿಚ್ಚಲು ಕಟ್ಟೆ, ರಜೆಯ ದಿನ ಒಂದು ಭಜನೆಯೋ ಬಯಲಾಟವೋ. ಆಮೇಲೆ ಹುಡುಗರ ಪಾಲು: ಜಲಪಾತದ ಬದಿಯಲ್ಲಲ್ಲ, ಊರ ಹತ್ತಿರದ ಬಯಲಿನಲ್ಲಿ ದಸರೆ ರಜೆಗೆ ಜಾತ್ರೆಯ ತೊಟ್ಟಿಲಿನವರನ್ನು ಕರೆಸಲಿ. ಮಳೆಯ ಕೆಸರೂ ಆಗ ಕಡಿಮೆಯಾಗಿರುತ್ತದೆ. ಯಂತ್ರ ಕೊಳ್ಳುವುದು ಬೇಡ, ಬಾಡಿಗೆಗೆ ಬರಲಿ. ಮಂದಿ ಬಂದರೆ ಮರುವರ್ಷ ಎರಡು ಬರಲಿ. ಬಾರದಿದ್ದರೆ ನಷ್ಟ ಒಂದು ವಾರದ್ದು, ಹತ್ತು ವರ್ಷದ್ದಲ್ಲ. ಜಿಪ್‌ಲೈನು, ಗಾಜಿನ ಸೇತುವೆಯ ಮಾತನ್ನು ಇಷ್ಟು ನಡೆಸಿ ತೋರಿಸಿದ ಮೇಲೆ ಎತ್ತಬಹುದು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಇದನ್ನೆಲ್ಲ ನಡೆಸುವವರು ಯಾರು? ಪ್ರವಾಸೋದ್ಯಮ ಇಲಾಖೆ ಕಟ್ಟಿ ಹೋಗುತ್ತದೆ, ಅರಣ್ಯ ಇಲಾಖೆ ಜಾಗ ತನ್ನದೆನ್ನುತ್ತದೆ, ಪಂಚಾಯಿತಿ ರೊಕ್ಕ ಇಲ್ಲವೆನ್ನುತ್ತದೆ. ಹೀಗೆ ಮೂವರ ನಡುವೆ ಎಷ್ಟು ಊರಿನ ಉದ್ಯಾನಗಳು ಬೀಗ ಹಾಕಿಸಿಕೊಂಡಿಲ್ಲ? ನುಮಾಯಿಷ್ ಎಂಬತ್ತು ವರ್ಷ ದಾಟಿ ನಿಂತದ್ದು ನಡೆಸುವ ಕೈಯೊಂದು ಇದ್ದುದರಿಂದ. ಪೇಟೆಯ ವರ್ತಕರು, ಊರಿನ ಪಂಚಾಯಿತಿ, ಇಲಾಖೆಯವರು ಕೂಡಿ ಒಂದು ಸಮಿತಿಯಾಗಲಿ. ವಾಹನ ನಿಲ್ಲಿಸುವ ಶುಲ್ಕ ಎಷ್ಟು ಬಂತು, ಪಗಾರಕ್ಕೆ ಎಷ್ಟು ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಲಿ. ದಿನಾ ಬಸ್ಸಿಗೆ ಕಾಯುವವರು ಓದಿ ನೋಡುತ್ತಾರೆ, ತಪ್ಪಿದ್ದರೆ ಕೇಳುತ್ತಾರೆ.

ದಬ್‌ದಬಿಯ ನೀರು ಸರಕಾರದ ಮಂಜೂರಾತಿಗೆ ಕಾಯುವುದಿಲ್ಲ, ಮಳೆ ಬಿದ್ದ ದಿನ ಬೀಳುತ್ತದೆ. ಮುಂದಿನ ಮಳೆಗೆ ಮುಂಚೆ ಕನಿಷ್ಠ ಪಾಯಖಾನೆಗೊಂದು ಚಿಲಕ, ಬಂಡೆಗೊಂದು ಕೈಹಿಡಿಕೆ, ಸಂಜೆಗೊಂದು ಬಸ್ಸು ಗಟ್ಟಿಯಾದೀತೇ? ಸಂಬಂಧಪಟ್ಟವರು ಉತ್ತರಿಸಬೇಕು.